ಒಂದು ಮಚ್ಚೆ ತೆಗೆದಾಯಿತು, ಮತ್ತೊಂದು ಬಂದರೆ?



ಬೂದಿಕೋಟೆ ಭಾಗದ ಒಂದು ಸಂಘದ ಸಭೆ ಮುಗಿದು, ಉಳಿತಾಯದ ಲೆಕ್ಕ ಬರೆದಾದ ಮೇಲೆ ಒಬ್ಬ ಅಕ್ಕ ನಮ್ಮನ್ನು ಪಕ್ಕಕ್ಕೆ ಕರೆದರು. ಅವರ ಅತ್ತೆಯ ಅಂಗಾಲಿನಲ್ಲಿ ಕಪ್ಪು ಹುಣ್ಣಾಗಿ, ಅದು ಚರ್ಮದ ಕ್ಯಾನ್ಸರ್ ಎಂದು ತಿಳಿದು ಆಪರೇಷನ್ ಮಾಡಿಸಿದ್ದರು. ಈಗ ಇನ್ನೊಂದು ಕಾಲಿನ ಹಿಮ್ಮಡಿಯಲ್ಲಿ ಹೊಸ ಕಪ್ಪು ಕಲೆ ಕಾಣಿಸಿಕೊಂಡಿತ್ತು. "ಸಿಸ್ಟರ್, ರೋಗ ಮೈಯೆಲ್ಲಾ ಹರಡಿಬಿಟ್ಟಿದೆ, ಇನ್ನು ಆಸ್ಪತ್ರೆಗೆ ದುಡ್ಡು ಸುರಿದು ಏನು ಪ್ರಯೋಜನ ಅಂತಾರೆ ಮನೇಲಿ. ನೀವೇನು ಹೇಳ್ತೀರಿ?" ಎಂದರು. ಇದಕ್ಕೆ ಉತ್ತರ ಎಲ್ಲಾ ಸಂಘದವರಿಗೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಇದು ಯಾವ ಕ್ಯಾನ್ಸರ್?

ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಸಣ್ಣ ಸಣ್ಣ ಜೀವಕೋಶಗಳಿವೆ. ಇವು ಹತೋಟಿ ತಪ್ಪಿ ಬೆಳೆದರೆ ಬರುವ ಕ್ಯಾನ್ಸರಿಗೆ ಮೆಲನೋಮ ಎಂದು ಹೆಸರು. ಬಿಳಿ ಚರ್ಮದವರಲ್ಲಿ, ಅದರಲ್ಲೂ ಆಸ್ಟ್ರೇಲಿಯಾದಂಥ ದೇಶಗಳಲ್ಲಿ, ಇದು ಬಹಳ. ನಮ್ಮಲ್ಲಿ ಅಪರೂಪ. ಆದರೆ ಬಂದಾಗ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಬಿಸಿಲು ಬೀಳದ ಜಾಗಗಳವು. ಆದ್ದರಿಂದಲೇ ಯಾರೂ ನೋಡುವುದಿಲ್ಲ. ಮುಳ್ಳು ಚುಚ್ಚಿದ್ದು, ಆಣಿ, ಕಲ್ಲು ತಾಗಿ ರಕ್ತ ಹೆಪ್ಪುಗಟ್ಟಿದ್ದು ಎಂದುಕೊಂಡು ಸುಮ್ಮನಾಗುತ್ತೇವೆ.

ಜಮೈಕಾ ದೇಶದ ಹೆಸರಾಂತ ಹಾಡುಗಾರ ಬಾಬ್ ಮಾರ್ಲಿಗೂ ಹೀಗೇ ಆಯಿತು. 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಮೆಲನೋಮ ಇರುವುದು ಗೊತ್ತಾಯಿತು. ಮೊದಲು ಅದನ್ನು ಫುಟ್‌ಬಾಲ್ ಆಟದ ಪೆಟ್ಟು ಎಂದೇ ಎಣಿಸಿದ್ದರು. ಬೆರಳು ತೆಗೆಸಲು ಅವರು ಒಪ್ಪಲಿಲ್ಲ. 1981ರ ಮೇ 11ರಂದು, 36ನೇ ವಯಸ್ಸಿನಲ್ಲಿ ತೀರಿಕೊಂಡರು.

ಎರಡನೆಯದು ಬಂದರೆ ಹರಡಿದೆ ಎಂದೇ ಅರ್ಥವೇ?

ಅಲ್ಲ. ರಾಗಿ ಹೊಲದಲ್ಲಿ ಪಾರ್ಥೇನಿಯಂ ಗಿಡ ಕಂಡಿತು, ಕಿತ್ತು ಹಾಕಿದಿರಿ. ಸ್ವಲ್ಪ ದಿನಕ್ಕೆ ಹೊಲದ ಇನ್ನೊಂದು ಮೂಲೆಯಲ್ಲಿ ಮತ್ತೊಂದು ಗಿಡ. ಅದು ಮೊದಲ ಗಿಡದ ಬೀಜ ಸಿಡಿದು ಹುಟ್ಟಿದ್ದಿರಬಹುದು, ಅಥವಾ ತಾನಾಗಿಯೇ ಬೇರೆ ಹುಟ್ಟಿದ್ದಿರಬಹುದು. ಮೆಲನೋಮ ಕೂಡ ಹಾಗೆಯೇ. ಒಬ್ಬರಿಗೇ ಎರಡು, ಮೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೆಲನೋಮ ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟುವುದುಂಟು. ಒಮ್ಮೆ ಮೆಲನೋಮ ಬಂದವರಲ್ಲಿ ಹೆಚ್ಚಿನವರಿಗೆ ಎರಡನೆಯದು ಬರುವುದಿಲ್ಲ. ಆದರೂ ಬೇರೆಯವರಿಗಿಂತ ಅವರಿಗೆ ಅಪಾಯ ಹೆಚ್ಚು. ಮೊದಲ ಕೆಲವು ವರ್ಷಗಳಲ್ಲಿ ಬರಬಹುದು, ಇಪ್ಪತ್ತು ವರ್ಷದ ನಂತರವೂ ಬರಬಹುದು.

ಈ ವ್ಯತ್ಯಾಸ ಯಾಕೆ ಮುಖ್ಯ? ಹರಡಿದ ರೋಗಕ್ಕೆ ಚಿಕಿತ್ಸೆ ದೊಡ್ಡದು. ಹೊಸದಾಗಿ ಹುಟ್ಟಿದ್ದು ಇನ್ನೂ ಚರ್ಮದ ಮೇಲ್ಪದರದಲ್ಲೇ ಇದ್ದರೆ ಕತ್ತರಿಸಿ ತೆಗೆದರೆ ಹೆಚ್ಚಾಗಿ ಗುಣವಾಗುತ್ತದೆ. ಮೆಲನೋಮದ ಆಳವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. 1 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಬಹುಪಾಲು ಜನರಿಗೆ ಆಪರೇಷನ್ ಒಂದೇ ಸಾಕಾಗುತ್ತದೆ. ಹೊಸದೋ, ಹರಡಿದ್ದೋ, ಅಥವಾ ಬರೀ ಮಾಮೂಲಿ ಮಚ್ಚೆಯೋ ಎಂದು ಮನೆಯಲ್ಲಿ ಕೂತು ತೀರ್ಮಾನ ಮಾಡಲಾಗದು. ತುಣುಕು ತೆಗೆದು ಬಯಾಪ್ಸಿ ಪರೀಕ್ಷೆ ಮಾಡಬೇಕು. "ಕತ್ತರಿ ಹಾಕಿದರೆ ಹರಡುತ್ತೆ" ಎಂಬ ಮಾತು ಸುಳ್ಳು. ತಡ ಮಾಡಿದರೆ ಹರಡುವುದು ನಿಜ.

ಮಕ್ಕಳಲ್ಲಿ ಕಂಡರೆ

ಒಬ್ಬರಿಗೇ ಹಲವು ಚರ್ಮದ ಕ್ಯಾನ್ಸರ್ ಬರುವ ಒಂದು ಹುಟ್ಟು ಕಾಯಿಲೆ ಇದೆ. ಹೆಸರು ಝೆರೋಡರ್ಮ ಪಿಗ್ಮೆಂಟೋಸಮ್. ಬಿಸಿಲಿನಿಂದ ಜೀವಕೋಶಕ್ಕೆ ಆದ ಹಾನಿಯನ್ನು ದೇಹ ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಈ ಮಕ್ಕಳಲ್ಲಿ ಆ ರಿಪೇರಿ ಸರಿಯಾಗಿ ನಡೆಯುವುದಿಲ್ಲ. ಎರಡು ವರ್ಷ ತುಂಬುವುದರೊಳಗೇ ಮುಖ, ಕೈ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ, ಬೆಳಕು ಕಂಡರೆ ಕಣ್ಣು ಬಿಡಲಾಗದಿರುವುದು ಇದರ ಗುರುತು. ಅಮೆರಿಕದಲ್ಲಿ 1971ರಿಂದ 2009ರವರೆಗೆ ಇಂಥ 106 ಜನರನ್ನು ಗಮನಿಸಿದರು. ಕ್ಯಾನ್ಸರ್ ಬಂದವರಲ್ಲಿ ಅರ್ಧದಷ್ಟು ಜನರಿಗೆ ಮೊದಲ ಚರ್ಮದ ಕ್ಯಾನ್ಸರ್ 9 ವರ್ಷದೊಳಗೆ, ಮೆಲನೋಮ 22 ವರ್ಷದೊಳಗೆ ಬಂದಿತ್ತು.

ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದರೆ ಮಾತ್ರ ಮಗುವಿಗೆ ಈ ಕಾಯಿಲೆ. ಅಕ್ಕನ ಮಗಳನ್ನು, ಮಾವನ ಮಗಳನ್ನು ತರುವ ಸಂಬಂಧಗಳಲ್ಲಿ ಈ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ದೋಷವಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದು ಯಾರ ಶಾಪವೂ ಅಲ್ಲ, ತಾಯಿಯ ತಪ್ಪೂ ಅಲ್ಲ. ಇಂಥ ಮಗುವನ್ನು ಬಿಸಿಲಿನಿಂದ ಕಾಪಾಡುವುದೇ ದೊಡ್ಡ ಔಷಧಿ: ತುಂಬು ತೋಳಿನ ಬಟ್ಟೆ, ಟೋಪಿ, ಕಪ್ಪು ಕನ್ನಡಕ, ಆಗಾಗ್ಗೆ ಡಾಕ್ಟರ ತಪಾಸಣೆ.

ನಾವು ಏನು ಮಾಡಬೇಕು?

1. ತಿಂಗಳಿಗೊಮ್ಮೆ ಸ್ನಾನದ ನಂತರ ಮೈ ನೋಡಿಕೊಳ್ಳಿ. ಅಂಗಾಲು, ಬೆರಳ ಸಂದು, ಉಗುರು ಬಿಡಬೇಡಿ. ಬೆನ್ನನ್ನು ಮಗಳೋ ಸೊಸೆಯೋ ನೋಡಲಿ.

2. ಮಚ್ಚೆಯ ಅರ್ಧಭಾಗ ಇನ್ನರ್ಧದಂತಿಲ್ಲದಿದ್ದರೆ, ಅಂಚು ಒಡೆದಂತಿದ್ದರೆ, ಎರಡು ಮೂರು ಬಣ್ಣವಿದ್ದರೆ, 6 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ, ಬದಲಾಗುತ್ತಿದ್ದರೆ ಅಥವಾ ರಕ್ತ ಬಂದರೆ ತೋರಿಸಿ.

3. ಹಲವು ಉಗುರಿನಲ್ಲಿ ತೆಳು ಕಪ್ಪು ಗೆರೆ ನಮ್ಮವರಲ್ಲಿ ಸಾಮಾನ್ಯ. ಒಂದೇ ಉಗುರಿನಲ್ಲಿ ಗೆರೆ ಬಂದು ಅಗಲವಾಗುತ್ತಾ ಪಕ್ಕದ ಚರ್ಮಕ್ಕೂ ಕಪ್ಪು ಇಳಿದರೆ ಕಾಯಬೇಡಿ.

4. ಮಚ್ಚೆಗೆ ಸುಣ್ಣ ಸೋಡಾ ಹಚ್ಚುವುದು, ಕೂದಲು ಕಟ್ಟುವುದು, ಬ್ಲೇಡಿನಿಂದ ಕೆರೆಯುವುದು ಬೇಡವೇ ಬೇಡ.

5. ಒಮ್ಮೆ ಮೆಲನೋಮ ಆದವರು ಹುಣ್ಣು ಮಾಯ್ದಿತೆಂದು ತಪಾಸಣೆ ಬಿಡಬಾರದು. ಅವರ ಒಡಹುಟ್ಟಿದವರು, ಮಕ್ಕಳೂ ಒಮ್ಮೆ ಮೈ ತೋರಿಸಿಕೊಳ್ಳಲಿ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಶಿಫಾರಸು ಚೀಟಿ ಪಡೆಯಿರಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಕ್ಯಾನ್ಸರಿಗೆಂದೇ ಇದೆ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ರೇಷನ್ ಕಾರ್ಡು, ಆಧಾರ್, ಹಳೆಯ ಬಯಾಪ್ಸಿ ವರದಿ ಜೊತೆಗಿರಲಿ. ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಲು ಆ ವರದಿ ಬೇಕೇ ಬೇಕು.

ಆ ಅಕ್ಕನಿಗೆ ಸಂಘದವರೇ ಆಂತರಿಕ ಸಾಲದಲ್ಲಿ ಪ್ರಯಾಣದ ಖರ್ಚು ಕೊಟ್ಟರು. ಮುಂದಿನ ವಾರವೇ ಅತ್ತೆ ಸೊಸೆ ಬಂಗಾರಪೇಟೆಯಲ್ಲಿ ರೈಲು ಹತ್ತಿದರು. ವರದಿ ಏನೆಂಬುದು ಆ ಮನೆಯ ವಿಷಯ, ಇಲ್ಲಿ ಬರೆಯುವುದಿಲ್ಲ. ಆದರೆ ಹೋಗುವ ಮುಂಚೆ ಅತ್ತೆ ಹೇಳಿದ ಮಾತು ನಮಗೆ ಮರೆಯದು: "ಇಷ್ಟು ದಿನ ಎಲ್ಲರೂ ಮುಗೀತು ಅಂತಿದ್ರು. ನೋಡೋಣ ನಡಿ ಅಂದೋಳು ನನ್ನ ಸೊಸೆ ಒಬ್ಬಳೇ."

ದೇವರು ಕೊಟ್ಟ ಈ ಮೈಯನ್ನು ನೋಡಿಕೊಳ್ಳುವುದೂ ಒಂದು ಪ್ರಾರ್ಥನೆಯೇ. ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ. ಒಬ್ಬರ ಅಂಗಾಲನ್ನು ಇನ್ನೊಬ್ಬರು ನೋಡಿ. ತೋರಿಸಬೇಕಾದವರು ಯಾರಾದರೂ ಇದ್ದರೆ ಜೊತೆಗೆ ಯಾರು ಹೋಗುವುದು ಎಂದು ಅಂದೇ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ.