ಸೀಟ್ ಬೆಲ್ಟ್ ಎಲ್ಲರಿಗೂ ಒಂದೇ, ಶಿಕ್ಷೆ ಯಾಕೆ ಬೇರೆ ಬೇರೆ?

ಮೆಜೆಸ್ಟಿಕ್‌ನಿಂದ ಶಿವಮೊಗ್ಗಕ್ಕೆ ಹೊರಟ ರಾತ್ರಿ ಬಸ್ಸು ಅಂದ್ಕೊಳ್ಳಿ. ಹಿಂದಿನ ಸೀಟಿನಲ್ಲಿ ಒಬ್ಬ ಕುಡಿದು ಗಲಾಟೆ ಶುರು ಮಾಡ್ತಾನೆ. ಏನಾಗುತ್ತೆ? ಕಂಡಕ್ಟರ್ ಒಂದು ಸಲ ಹೇಳ್ತಾರೆ, ಎರಡು ಸಲ ಹೇಳ್ತಾರೆ. ಮೂರನೇ ಸಲ ಸೀಟಿ ಊದ್ತಾರೆ. ತುಮಕೂರು ದಾಟುವಷ್ಟರಲ್ಲಿ ಆಸಾಮಿ ಬಸ್ಸಿನಿಂದ ಕೆಳಗೆ. ತೀರಾ ಹೆಚ್ಚಾಯ್ತು ಅಂದ್ರೆ ಬಸ್ಸು ಸೀದಾ ಪೊಲೀಸ್ ಠಾಣೆ ಮುಂದೆ ಹೋಗಿ ನಿಲ್ಲುತ್ತೆ. ಅಲ್ಲಿಗೆ ಕಥೆ ಮುಗೀತು.

ಈಗ ಅದೇ ಆಸಾಮಿಯನ್ನ 35 ಸಾವಿರ ಅಡಿ ಎತ್ತರದಲ್ಲಿ ಹಾರುತ್ತಿರುವ ವಿಮಾನದಲ್ಲಿ ಕೂರಿಸಿ. ಸೀಟಿ ಊದೋರಿಲ್ಲ. ಇಳಿಸೋಕೆ ಸ್ಟಾಪ್ ಇಲ್ಲ. ಠಾಣೆ ಇಲ್ಲ, ಪೊಲೀಸ್ ಇಲ್ಲ. ಪಕ್ಕದಲ್ಲಿ ಕೂತವರಿಗೆ ಎದ್ದು ಹೋಗೋಕೆ ಜಾಗವೂ ಇಲ್ಲ. ಹಾಗಾದರೆ ಅಲ್ಲಿ ಕಾನೂನು ಯಾರು?

ಉತ್ತರ: ಕ್ಯಾಪ್ಟನ್. ಪೈಲಟ್ ಇನ್ ಕಮಾಂಡ್ ಅಂತ ಕರೀತಾರಲ್ಲ, ಅವರು. ಇದು ನಮ್ಮ ದೇಶದ ನಿಯಮ ಮಾತ್ರ ಅಲ್ಲ. 1963ರಲ್ಲಿ ಟೋಕಿಯೋ ನಗರದಲ್ಲಿ ಒಂದು ಅಂತಾರಾಷ್ಟ್ರೀಯ ಒಪ್ಪಂದ ಆಯ್ತು. ಭಾರತ ಅದಕ್ಕಾಗಿಯೇ 1975ರಲ್ಲಿ ಟೋಕಿಯೋ ಕನ್ವೆನ್ಷನ್ ಆ್ಯಕ್ಟ್ ಅಂತ ಒಂದು ಕಾಯ್ದೆ ಮಾಡಿತು. ವಿಮಾನದ ಸುರಕ್ಷತೆಗೆ ಅಪಾಯ ಇದೆ, ಶಿಸ್ತು ಹಾಳಾಗ್ತಿದೆ ಅನಿಸಿದರೆ ಕ್ಯಾಪ್ಟನ್ ಆ ಪ್ರಯಾಣಿಕನನ್ನ ಕಟ್ಟಿ ಕೂರಿಸಬಹುದು. ಸಿಬ್ಬಂದಿಗೆ ಆದೇಶ ಕೊಡಬಹುದು, ಉಳಿದ ಪ್ರಯಾಣಿಕರ ಸಹಾಯ ಕೇಳಬಹುದು. ದಾರಿಯಲ್ಲಿ ಯಾವುದೋ ದೇಶದಲ್ಲಿ ವಿಮಾನ ಇಳಿಸಿ ಪೊಲೀಸರ ಕೈಗೆ ಒಪ್ಪಿಸಬಹುದು. ಹಾಗೆ ಒಪ್ಪಂದದ ಪ್ರಕಾರ ಮಾಡಿದ್ದಕ್ಕೆ ಆಮೇಲೆ ಅವರ ಮೇಲೆ ಕೇಸು ಹಾಕೋ ಹಾಗಿಲ್ಲ. ಅಷ್ಟು ದೊಡ್ಡ ಅಧಿಕಾರ.

ಆದರೆ ಒಂದು ತಮಾಷೆ ನೋಡಿ. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಕಾಕ್‌ಪಿಟ್ ಬಾಗಿಲು ಗಟ್ಟಿಯಾಯ್ತು, ಒಳಗಿಂದ ಲಾಕ್ ಆಯ್ತು. ಗಲಾಟೆ ಆಯ್ತು ಅಂತ ಕ್ಯಾಪ್ಟನ್ ಎದ್ದು ಹೊರಗೆ ಬರೋ ಹಾಗಿಲ್ಲ. ಹೊರಗೆ ಏನಾಗ್ತಿದೆ ಅಂತ ಅವರಿಗೆ ಗೊತ್ತಾಗೋದು ಕ್ಯಾಬಿನ್ ಸಿಬ್ಬಂದಿ ಇಂಟರ್‌ಕಾಮ್‌ನಲ್ಲಿ ಹೇಳಿದರೆ ಮಾತ್ರ. ಅಂದರೆ ಅಧಿಕಾರ ಬಾಗಿಲ ಒಳಗಿದೆ, ಘಟನೆ ಬಾಗಿಲ ಹೊರಗಿದೆ. ನಡುವೆ ಇರೋದು ಒಂದು ವರದಿ. ಆ ವರದಿ ಸರಿಯಾಗಿ ಹೋದರೆ ವ್ಯವಸ್ಥೆ ನಡೆಯುತ್ತೆ. ಹೋಗಲಿಲ್ಲ ಅಂದ್ರೆ? ಅದನ್ನೇ ಇವತ್ತು ಮಾತಾಡಬೇಕಿರೋದು.

ಮೊದಲು ನಿಯಮ ಏನು ಹೇಳುತ್ತೆ ಅಂತ ನೋಡೋಣ. 2017ರ ಮಾರ್ಚ್‌ನಲ್ಲಿ ಶಿವಸೇನೆಯ ಸಂಸದ ರವೀಂದ್ರ ಗಾಯಕ್ವಾಡ್, ಏರ್ ಇಂಡಿಯಾ ಸಿಬ್ಬಂದಿಯೊಬ್ಬರಿಗೆ ಚಪ್ಪಲಿಯಲ್ಲಿ ಹೊಡೆದರು. ಬಿಸಿನೆಸ್ ಕ್ಲಾಸ್ ಸೀಟು ಸಿಗಲಿಲ್ಲ ಅನ್ನೋದು ಜಗಳದ ಮೂಲ. ಹೊಡೆದಿದ್ದನ್ನ ಅವರೇ ಕ್ಯಾಮೆರಾ ಮುಂದೆ ಒಪ್ಪಿಕೊಂಡರು. ವಿಮಾನ ಕಂಪನಿಗಳು ಒಟ್ಟಾಗಿ ಅವರನ್ನ ಹತ್ತಿಸಲ್ಲ ಅಂದವು. ಎರಡು ವಾರ ಕಳೆಯಿತು. ಸಂಸದರು ವಿಷಾದದ ಪತ್ರ ಬರೆದರು, ಸಚಿವಾಲಯ ಸೂಚನೆ ಕೊಟ್ಟಿತು, ಏರ್ ಇಂಡಿಯಾ ನಿಷೇಧ ತೆಗೆಯಿತು. ಆಗ ಎಲ್ಲರಿಗೂ ಹೊಳೆದದ್ದು, ನಮ್ಮಲ್ಲಿ ಇದಕ್ಕೊಂದು ಸ್ಪಷ್ಟವಾದ ವಿಧಾನವೇ ಇಲ್ಲವಲ್ಲ ಅಂತ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮ ಬಂತು. ಜನ ಅದನ್ನ 'ನೋ ಫ್ಲೈ ಲಿಸ್ಟ್' ಅಂತ ಕರೆದರು.

ಅದರಲ್ಲಿ ಮೂರು ಹಂತ ಇದೆ. ಮೊದಲನೇದು ಬಾಯಿ ಜೋರು, ಕೆಟ್ಟ ಸನ್ನೆ, ಕುಡಿದು ರಂಪ. ಇದಕ್ಕೆ 3 ತಿಂಗಳವರೆಗೆ ನಿಷೇಧ. ಎರಡನೇದು ಕೈ ಮಾಡೋದು: ತಳ್ಳೋದು, ಒದೆಯೋದು, ಹೊಡೆಯೋದು, ಅಸಭ್ಯವಾಗಿ ಮುಟ್ಟೋದು. ಇದಕ್ಕೆ 6 ತಿಂಗಳವರೆಗೆ. ಮೂರನೇದು ಜೀವಕ್ಕೇ ಅಪಾಯ ತರೋದು: ಕತ್ತು ಹಿಸುಕೋದು, ವಿಮಾನದ ಸಲಕರಣೆ ಹಾಳು ಮಾಡೋದು, ಕಾಕ್‌ಪಿಟ್‌ಗೆ ನುಗ್ಗೋ ಪ್ರಯತ್ನ. ಇದಕ್ಕೆ ಕನಿಷ್ಠ 2 ವರ್ಷ, ಮೇಲಿನ ಮಿತಿ ಇಲ್ಲ. ಮತ್ತೆ ತಪ್ಪು ಮಾಡಿದರೆ ಹಿಂದಿನ ಶಿಕ್ಷೆಯ ಎರಡರಷ್ಟು.

ಶಿಕ್ಷೆ ಯಾರು ಕೊಡೋದು? ಕಂಪನಿಯ ಮ್ಯಾನೇಜರ್ ಅಲ್ಲ. ಕ್ಯಾಪ್ಟನ್ ದೂರು ಕೊಡಬೇಕು. ಅದು ಒಂದು ಆಂತರಿಕ ಸಮಿತಿಗೆ ಹೋಗಬೇಕು. ಆ ಸಮಿತಿಗೆ ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಇನ್ನೊಂದು ವಿಮಾನ ಕಂಪನಿಯ ಪ್ರತಿನಿಧಿ ಒಬ್ಬರು, ಪ್ರಯಾಣಿಕರ ಅಥವಾ ಗ್ರಾಹಕರ ಪರವಾಗಿ ಒಬ್ಬರು. 30 ದಿನದಲ್ಲಿ ತೀರ್ಮಾನ ಆಗಬೇಕು. ಅಲ್ಲಿವರೆಗೆ ಕಂಪನಿ ತಾತ್ಕಾಲಿಕವಾಗಿ ನಿಷೇಧ ಹಾಕಬಹುದು, ಅದೂ ಆ 30 ದಿನಕ್ಕೆ ಮಾತ್ರ. ಶಿಕ್ಷೆಯಾದವನಿಗೆ ಮೇಲ್ಮನವಿ ಹಾಕೋಕೆ 60 ದಿನ ಇದೆ, ಅದನ್ನ ಕೇಳೋ ಸಮಿತಿಗೆ ಅಧ್ಯಕ್ಷರು ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿ. ಪೊಲೀಸ್ ಕೇಸು ಬೇರೆ, ಅದು ಪ್ರತ್ಯೇಕವಾಗಿ ನಡೆಯುತ್ತೆ.

ಓದೋಕೆ ಚೆನ್ನಾಗಿದೆ ಅಲ್ವಾ? ಈಗ ಎರಡು ಘಟನೆ ಹೇಳ್ತೀನಿ. ನಿಯಮ ಒಂದೇ, ನಡೆದದ್ದು ಎರಡು ತರ.

ಮೊದಲನೇದು 2022ರ ನವೆಂಬರ್ 26. ನ್ಯೂಯಾರ್ಕ್‌ನಿಂದ ದೆಹಲಿಗೆ ಹೊರಟ ಏರ್ ಇಂಡಿಯಾ ವಿಮಾನ, ಬಿಸಿನೆಸ್ ಕ್ಲಾಸ್. ಎಪ್ಪತ್ತು ದಾಟಿದ ಮಹಿಳೆ ಒಬ್ಬರು ಕೂತಿದ್ದಾರೆ. ಕುಡಿದ ಸಹಪ್ರಯಾಣಿಕನೊಬ್ಬ ಬಂದು ತಮ್ಮ ಮೇಲೆ ಮೂತ್ರ ಮಾಡಿದ ಅನ್ನೋದು ಅವರ ದೂರು. ಆರೋಪಿ ಇದನ್ನ ಕೋರ್ಟಿನಲ್ಲಿ ನಿರಾಕರಿಸಿದ್ದಾರೆ. ಯಾರು ಸರಿ ಅಂತ ಹೇಳೋದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ನಾನು ಕೇಳ್ತಿರೋದು ಬೇರೆ ಪ್ರಶ್ನೆ: ದೂರು ಬಂದಮೇಲೆ ವ್ಯವಸ್ಥೆ ಏನು ಮಾಡಿತು?

ಆ ತಾಯಿ ಹೇಳೋ ಪ್ರಕಾರ, ಒದ್ದೆಯಾದ ಸೀಟಿನ ಮೇಲೆ ಬಟ್ಟೆ ಹಾಸಿ ಮತ್ತೆ ಅಲ್ಲೇ ಕೂರಿ ಅಂದರು. ಆತನ ಮುಖ ನೋಡೋಕೆ ಇಷ್ಟವಿಲ್ಲ ಅಂದರೂ ಎದುರಿಗೆ ಕರೆತಂದು ಕ್ಷಮೆ ಕೇಳಿಸಿದರು. ದೆಹಲಿಯಲ್ಲಿ ವಿಮಾನ ಇಳಿಯಿತು. ಪೊಲೀಸರಿಗೆ ಹೇಳಲಿಲ್ಲ. ಆತ ಎಲ್ಲರ ಜೊತೆ ಇಳಿದು ಹೊರಟ. ಯಾಕೆ ಹೇಳಲಿಲ್ಲ ಅಂದ್ರೆ, ಇಬ್ಬರ ನಡುವೆ ರಾಜಿ ಆಗಿದೆ ಅಂತ ಸಿಬ್ಬಂದಿ ಅಂದುಕೊಂಡರಂತೆ!

ಇಂಥ ಘಟನೆ ಆದರೆ ವಿಮಾನ ಇಳಿದ 12 ಗಂಟೆಯೊಳಗೆ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಗೆ ತಿಳಿಸಬೇಕು ಅನ್ನೋದು ನಿಯಮ. ಡಿಜಿಸಿಎ ಗಮನಕ್ಕೆ ಬಂದಿದ್ದು ಯಾವಾಗ ಗೊತ್ತಾ? 2023ರ ಜನವರಿ 4. ಐದು ವಾರ ದಾಟಿತ್ತು. ಮಹಿಳೆ ಮರುದಿನವೇ ಟಾಟಾ ಸಮೂಹದ ಅಧ್ಯಕ್ಷರಿಗೇ ಪತ್ರ ಬರೆದಿದ್ದರು. ಕಂಪನಿ ಪೊಲೀಸರಿಗೆ ದೂರು ಕೊಟ್ಟಿದ್ದು ಡಿಸೆಂಬರ್ ಕೊನೆ ವಾರದಲ್ಲಿ. ಸುದ್ದಿ ಹೊರಗೆ ಬಂದ ಮೇಲೆ ನೋಡಿ ವೇಗ! ಎಫ್‌ಐಆರ್ ಆಯ್ತು. ದೆಹಲಿ ಪೊಲೀಸರು ನಮ್ಮ ಬೆಂಗಳೂರಿಗೆ ಬಂದು ಎರಡು ಮೂರು ದಿನದಲ್ಲೇ ಆರೋಪಿಯನ್ನ ಹಿಡಿದರು. ಸಮಿತಿ 4 ತಿಂಗಳ ನಿಷೇಧ ಹಾಕಿತು. ಡಿಜಿಸಿಎ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು, ಕ್ಯಾಪ್ಟನ್ ಲೈಸೆನ್ಸ್ 3 ತಿಂಗಳು ಅಮಾನತು ಮಾಡಿತು.

ಇಲ್ಲೊಂದು ವಿಷಯ ಗಮನಿಸಿ. ವಿದೇಶದಲ್ಲಿ ವಿಮಾನ ಇಳಿದಾಗ ಒಂದು ಕಷ್ಟ ಇದೆ. ಟೋಕಿಯೋ ಒಪ್ಪಂದದ ಪ್ರಕಾರ ಕೇಸು ನಡೆಸೋ ಹಕ್ಕು ಮುಖ್ಯವಾಗಿ ವಿಮಾನ ನೋಂದಣಿಯಾದ ದೇಶಕ್ಕೆ. ಇಳಿದ ದೇಶದ ಪೊಲೀಸರು 'ಇದು ನಮ್ಮ ವ್ಯಾಪ್ತಿ ಅಲ್ಲ' ಅಂತ ಬಿಟ್ಟು ಕಳಿಸಿದ ಉದಾಹರಣೆಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಈ ಕಿಂಡಿ ಮುಚ್ಚೋಕೆ 2014ರಲ್ಲಿ ಮಾಂಟ್ರಿಯಲ್ ಪ್ರೋಟೋಕಾಲ್ ಅಂತ ತಿದ್ದುಪಡಿ ಬಂತು, ಒಪ್ಪಿದ ದೇಶಗಳ ನಡುವೆ 2020ರಿಂದ ಜಾರಿಯಲ್ಲಿದೆ. ಆದರೆ ನ್ಯೂಯಾರ್ಕ್-ದೆಹಲಿ ವಿಮಾನದಲ್ಲಿ ಈ ನೆಪವೂ ಇರಲಿಲ್ಲ. ನಮ್ಮ ವಿಮಾನ, ನಮ್ಮ ಕ್ಯಾಪ್ಟನ್, ಇಳಿದಿದ್ದು ನಮ್ಮ ರಾಜಧಾನಿಯಲ್ಲಿ. ಏರೋಬ್ರಿಡ್ಜ್ ದಾಟಿದರೆ ಸಿಐಎಸ್‌ಎಫ್ ಇದೆ. ಇರದೇ ಹೋದದ್ದು ಒಂದು ಫೋನ್ ಕರೆ, ಒಂದು ವರದಿ.

ಒಂದೇ ಸಲ ಆದ ಎಡವಟ್ಟು ಅಂತೀರಾ? ಅಲ್ಲ. ಅದಾದ ಹತ್ತೇ ದಿನಕ್ಕೆ, ಡಿಸೆಂಬರ್ 6ರ ಪ್ಯಾರಿಸ್-ದೆಹಲಿ ವಿಮಾನದಲ್ಲಿ ಪ್ರಯಾಣಿಕರ ದುರ್ವರ್ತನೆ ಆಯ್ತು. ಅದನ್ನೂ ವರದಿ ಮಾಡಲಿಲ್ಲ ಅಂತ ಅದೇ ಕಂಪನಿಗೆ ಇನ್ನೊಂದು 10 ಲಕ್ಷ ದಂಡ ಬಿತ್ತು.

ಈಗ ಎರಡನೇ ಘಟನೆ. 2020ರ ಜನವರಿ 28, ಮುಂಬೈನಿಂದ ಲಖನೌಗೆ ಇಂಡಿಗೋ ವಿಮಾನ. ಹಾಸ್ಯ ಕಲಾವಿದ ಕುನಾಲ್ ಕಾಮ್ರಾ, ಅದೇ ವಿಮಾನದಲ್ಲಿದ್ದ ಟಿವಿ ಆಂಕರ್ ಅರ್ನಬ್ ಗೋಸ್ವಾಮಿ ಮುಂದೆ ನಿಂತು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು, ಕೆಣಕಿದರು, ವಿಡಿಯೋ ಮಾಡಿ ಹಾಕಿದರು. ಸಭ್ಯವಾದ ಕೆಲಸನಾ? ಖಂಡಿತ ಅಲ್ಲ. ನನ್ನದೂ ಅದೇ ವೃತ್ತಿ. ಸೀಟ್ ಬೆಲ್ಟ್ ಹಾಕಿ ಕೂತಾಗ ಯಾರೋ ಬಂದು ಹಾಗೆ ನಿಂತರೆ ನನಗೂ ಕಿರಿಕಿರಿಯೇ.

ಆದರೆ ಶಿಕ್ಷೆ ಬಂದ ಸ್ಪೀಡ್ ನೋಡಿ. ಅದೇ ದಿನ ಇಂಡಿಗೋ 6 ತಿಂಗಳ ನಿಷೇಧ ಹಾಕಿತು. ನೀವೂ ಹೀಗೇ ಮಾಡಿ ಅಂತ ಉಳಿದ ಕಂಪನಿಗಳಿಗೆ ಕೇಂದ್ರ ಸಚಿವರು ಸಲಹೆ ಕೊಟ್ಟರು. ಏರ್ ಇಂಡಿಯಾ, ಸ್ಪೈಸ್‌ಜೆಟ್, ಗೋಏರ್ ಕೂಡ ಬಾಗಿಲು ಮುಚ್ಚಿದವು. ಅವರ ವಿಮಾನದಲ್ಲಿ ಏನೂ ಆಗಿರಲಿಲ್ಲ! ಸಮಿತಿ ಇನ್ನೂ ಕೂತಿರಲೇ ಇಲ್ಲ. 30 ದಿನದ ಮಿತಿ ಎಲ್ಲಿ ಹೋಯ್ತು? ಕೊನೆಗೆ ಆ ವಿಮಾನದ ಕ್ಯಾಪ್ಟನ್ನೇ ಕಂಪನಿಗೆ ಪತ್ರ ಬರೆದರು. ನನ್ನನ್ನ ಒಂದು ಮಾತೂ ಕೇಳದೆ, ಬರೀ ಸೋಷಿಯಲ್ ಮೀಡಿಯಾ ನೋಡಿ ಕ್ರಮ ತಗೊಂಡಿದ್ದೀರಿ, ಆತನ ನಡತೆ ಚೆನ್ನಾಗಿರಲಿಲ್ಲ ನಿಜ, ಆದರೆ ಮೊದಲ ಹಂತದ ತಪ್ಪಿಗೂ ಅದು ಬರಲ್ಲ ಅನ್ನೋದು ಪತ್ರದ ಸಾರ. ಆಮೇಲೆ ಸಮಿತಿ ಕೂತು 6 ತಿಂಗಳನ್ನ 3 ತಿಂಗಳಿಗೆ ಇಳಿಸಿತು.

ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಮಹಿಳೆ ಬಾಯಿಬಿಟ್ಟು ದೂರು ಹೇಳ್ತಿದ್ದಾರೆ, ವರದಿ ಹೋಗಲ್ಲ. ಇನ್ನೊಂದು ಕಡೆ ಕ್ಯಾಪ್ಟನ್ ದೂರು ಇಲ್ಲದೇ ಶಿಕ್ಷೆ ಆಗುತ್ತೆ. ಒಂದು ಕಡೆ ಐದು ವಾರ, ಇನ್ನೊಂದು ಕಡೆ ಕೆಲವೇ ಗಂಟೆ. ಎರಡರಲ್ಲೂ ತಪ್ಪಿದ್ದು ಒಂದೇ ಕೊಂಡಿ: ವಿಮಾನದೊಳಗೆ ಕಂಡದ್ದನ್ನ ಕಂಡ ಹಾಗೆ ಬರೆದು, ಅದರ ಮೇಲೆ ತೀರ್ಮಾನ ಮಾಡೋದು. ಆ ಕೊಂಡಿ ಕಳಚಿದರೆ ಉಳಿಯೋದು ಏನು? ಯಾರಿಗೆ ಪ್ರಭಾವ ಇದೆ, ಯಾರ ವಿಡಿಯೋ ವೈರಲ್ ಆಯ್ತು ಅನ್ನೋದಷ್ಟೇ.

ಬೇರೆ ದೇಶದವರು ಏನು ಮಾಡಿದರು? ಅಮೆರಿಕವನ್ನೇ ನೋಡಿ. ಕೋವಿಡ್ ಕಾಲದಲ್ಲಿ ಮಾಸ್ಕ್ ಜಗಳ ಅಲ್ಲಿ ಹುಚ್ಚೆದ್ದಿತ್ತು. 2021ರ ಜನವರಿಯಲ್ಲಿ ಅಲ್ಲಿನ ವಿಮಾನಯಾನ ಸಂಸ್ಥೆ ಎಫ್‌ಎಎ ಒಂದು ಮಾತು ಹೇಳಿತು: ಇನ್ನು ಎಚ್ಚರಿಕೆ ಕೊಡೋದಿಲ್ಲ, ಸೀದಾ ದಂಡ. ಒಂದೊಂದು ತಪ್ಪಿಗೆ 37,000 ಡಾಲರ್‌ವರೆಗೆ. ಅವರಿಗೆ ಜೈಲಿಗೆ ಕಳಿಸೋ ಅಧಿಕಾರ ಇಲ್ಲ. ಅದಕ್ಕೆ ಗಂಭೀರ ಕೇಸುಗಳನ್ನ ಎಫ್‌ಬಿಐಗೆ ಕಳಿಸಿದರು. ಆ ವರ್ಷ ಅಲ್ಲಿ ಸುಮಾರು 6,000 ದೂರು ಬಂತು. ಮುಂದಿನ ವರ್ಷ ಸುಮಾರು 2,450. ಮಾಸ್ಕ್ ಕಡ್ಡಾಯ ಹೋಗಿದ್ದೂ ಒಂದು ಕಾರಣ, ಒಪ್ಪೋಣ. ಆದರೆ ಒಂದು ಪಾಠ ಇದೆ. ಅಲ್ಲಿ ಎಣಿಸಿದರು. ದೂರು ಬಂದದ್ದೆಷ್ಟು, ತನಿಖೆ ಆದದ್ದೆಷ್ಟು ಅಂತ ಜನರ ಮುಂದೆ ಇಟ್ಟರು. ಎಣಿಸದ ರೋಗಕ್ಕೆ ಔಷಧಿ ಎಲ್ಲಿಂದ ತರ್ತೀರಿ?

ಇದು ಸಣ್ಣ ವಿಷಯವೂ ಅಲ್ಲ. ವಿಮಾನ ಕಂಪನಿಗಳ ಜಾಗತಿಕ ಸಂಘಟನೆ ಐಯಾಟಾ ಲೆಕ್ಕದಲ್ಲಿ 2021ರಲ್ಲಿ ಪ್ರತಿ 835 ವಿಮಾನಕ್ಕೆ ಇಂಥ ಒಂದು ಘಟನೆ ವರದಿಯಾಗಿತ್ತು. 2022ರಲ್ಲಿ ಪ್ರತಿ 568ಕ್ಕೆ ಒಂದು. ಈಗ ಯೋಚನೆ ಮಾಡಿ, ಒಬ್ಬನ ರಂಪದಿಂದ ವಿಮಾನ ಬೇರೆ ಊರಿಗೆ ತಿರುಗಿದರೆ ತೊಂದರೆ ಯಾರಿಗೆ? ಆಪರೇಷನ್‌ಗೆ ಹೊರಟ ರೋಗಿಗೆ. ತಂದೆಯ ಅಂತ್ಯಕ್ರಿಯೆಗೆ ಓಡೋಡಿ ಬರ್ತಿರೋ ಮಗನಿಗೆ. ಎಲ್ಲಕ್ಕಿಂತ ಹೆಚ್ಚಾಗಿ ಕ್ಯಾಬಿನ್ ಸಿಬ್ಬಂದಿಗೆ. ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ಹುಡುಗಿಯರು ಸ್ವಾಮಿ. ನಾವು ಅವರನ್ನ ಕಾಫಿ ಕೊಡೋರು ಅಂದ್ಕೊಂಡಿದ್ದೀವಿ. ಬೆಂಕಿ ಬಿದ್ದರೆ 90 ಸೆಕೆಂಡಿನಲ್ಲಿ ನಮ್ಮನ್ನ ಹೊರಗೆ ಹಾಕೋಕೆ ತರಬೇತಿ ಪಡೆದವರು ಅವರು. ಅವರ ಗಮನ ಒಬ್ಬ ಕುಡುಕನ ಮೇಲೆ ನೆಟ್ಟಿದ್ದರೆ ಉಳಿದ 180 ಜನರ ಕಥೆ ಏನು?

ಹಾಗಾದರೆ ನೀವು ವಿಮಾನದಲ್ಲಿದ್ದಾಗ ಹೀಗಾದರೆ ಏನು ಮಾಡಬೇಕು? ಜಗಳಕ್ಕೆ ಇಳೀಬೇಡಿ, ಕಾಲ್ ಬಟನ್ ಒತ್ತಿ. ಸಿಬ್ಬಂದಿಗೆ ಸ್ಪಷ್ಟವಾಗಿ ಎರಡು ವಾಕ್ಯ ಹೇಳಿ: ಇದನ್ನ ಕ್ಯಾಪ್ಟನ್‌ಗೆ ತಿಳಿಸಿ, ಇದನ್ನ ದಾಖಲು ಮಾಡಿ. ಸೀಟ್ ನಂಬರ್, ಸಮಯ ಬರೆದಿಟ್ಟುಕೊಳ್ಳಿ. ಕ್ಷಮೆ ಕೇಳಿದ್ದಾರೆ, ಬಿಟ್ಟುಬಿಡಿ ಅಂತ ಒತ್ತಾಯ ಮಾಡಿದರೆ, ಬಿಡೋದು ಬಿಡದಿರೋದು ನಿಮ್ಮ ಇಷ್ಟ, ಸಿಬ್ಬಂದಿಯ ಇಷ್ಟ ಅಲ್ಲ. ಇಳಿದ ಮೇಲೆ ಮನೆಗೆ ಹೋಗಿ ನೋಡೋಣ ಅನ್ನಬೇಡಿ. ವಿಮಾನ ನಿಲ್ದಾಣದಲ್ಲೇ ಪೊಲೀಸರಿಗೆ ಲಿಖಿತ ದೂರು ಕೊಡಿ, ಬೋರ್ಡಿಂಗ್ ಪಾಸ್ ಎಸೀಬೇಡಿ. ಅಕ್ಕಪಕ್ಕ ಕೂತು ಕಂಡವರು ದಯವಿಟ್ಟು ಕಣ್ಣು ಮುಚ್ಚಿ ಮಲಗಿದ ಹಾಗೆ ನಟಿಸಬೇಡಿ. ಒಂದು ಸಾಕ್ಷಿ ಸಹಿ ಹಾಕಿ.

ಆರೋಪ ನಿಮ್ಮ ಮೇಲೇ ಬಂದರೆ? ಆಗಲೂ ಇದೇ ನಿಯಮ ನಿಮ್ಮ ಕಾವಲಿಗಿದೆ. ಸಮಿತಿ ಎಲ್ಲಿ, ಕ್ಯಾಪ್ಟನ್ ವರದಿ ಎಲ್ಲಿ ಅಂತ ಕೇಳೋ ಹಕ್ಕು ನಿಮಗಿದೆ. ಸಿಟ್ಟಿನಲ್ಲಿ ಟ್ವೀಟ್ ಮಾಡಿದವರು ನಿಮಗೆ ಶಿಕ್ಷೆ ಕೊಡೋ ಹಾಗಿಲ್ಲ.

ವಿಮಾನದಲ್ಲಿ ಮುಂದಿನ ಸೀಟಿಗೆ ದುಡ್ಡು ಜಾಸ್ತಿ, ಹಿಂದಿನ ಸೀಟಿಗೆ ಕಡಿಮೆ. ಅದು ವ್ಯಾಪಾರ, ಇರಲಿ. ಆದರೆ ಹೊರಡೋ ಮುಂಚೆ ಸೀಟ್ ಬೆಲ್ಟ್ ಹಾಕಿ ಅಂತ ಹೇಳ್ತಾರಲ್ಲ, ಅದನ್ನ ಎಲ್ಲರಿಗೂ ಹೇಳ್ತಾರೆ. ಸಂಸದರಿಗೂ ಅಷ್ಟೇ, ಹಾಸ್ಯಗಾರನಿಗೂ ಅಷ್ಟೇ, ಆಂಕರ್‌ಗೂ ಅಷ್ಟೇ. ಕಾನೂನೂ ಹಾಗೆ ಹೇಳಬೇಕು. ನಮ್ಮ ರಾತ್ರಿ ಬಸ್ಸಿನ ಕಂಡಕ್ಟರ್‌ಗೆ ಇದು ಗೊತ್ತು. ಸೀಟಿ ಊದೋ ಮುಂಚೆ ಅವರು ಕೇಳೋದು ಏನು ಮಾಡಿದೆ ಅಂತ, ನೀನು ಯಾರು ಅಂತ ಅಲ್ಲ.