ನಗುವೇ ಸಮ್ಮತಿಯಲ್ಲ

ಗರಿಯೊಂದು ತಾಗಿದಾಗ ಮೈ ಜುಮ್ಮೆನ್ನುವುದಕ್ಕೂ, ಪಕ್ಕೆ, ಕಂಕುಳು, ಅಂಗಾಲುಗಳಲ್ಲಿ ಬೆರಳಾಡಿಸಿದಾಗ ತಡೆಯಲಾರದ ನಗು ಉಕ್ಕುವುದಕ್ಕೂ ಇರುವ ಅಂತರವನ್ನು 1897ರಲ್ಲಿ ಗುರುತಿಸಿದ ಅಮೆರಿಕದ ಮನೋವಿಜ್ಞಾನಿಗಳಾದ ಸ್ಟ್ಯಾನ್ಲಿ ಹಾಲ್ ಮತ್ತು ಆರ್ಥರ್ ಆಲಿನ್, ಮೊದಲನೆಯದನ್ನು ‘ನಿಸ್ಮೆಸಿಸ್’ ಎಂದೂ ಎರಡನೆಯದನ್ನು ‘ಗಾರ್ಗಲೆಸಿಸ್’ ಎಂದೂ ಕರೆದರು. ಕನ್ನಡದಲ್ಲಿ ನವಿರೇಳುವುದು, ಕಚಗುಳಿ ಎಂಬ ಮಾತುಗಳು ಸುಮಾರಾಗಿ ಇದೇ ಭೇದವನ್ನು ಸೂಚಿಸುತ್ತವೆ. ಮಕ್ಕಳಾಟವೆಂದೇ ಪರಿಚಿತವಾದ ಕಚಗುಳಿಯು ವಯಸ್ಕ ಸಂಗಾತಿಗಳು ಪರಸ್ಪರ ಒಪ್ಪಿ ಆಡುವ ಸರಸದ ಒಂದು ಬಗೆಯೂ ಹೌದು.

ಈ ಸರಸ ಹೊಸದಲ್ಲ. ಗುರುತು ಮೂಡದಷ್ಟು ಹಗುರವಾಗಿ ಉಗುರು ತಾಗಿಸಿ ರೋಮಾಂಚನಗೊಳಿಸುವ ಕ್ರಮವನ್ನು ವಾತ್ಸ್ಯಾಯನನ ಕಾಮಸೂತ್ರವು ‘ಆಚ್ಛುರಿತಕ’ ಎಂದು ಹೆಸರಿಸಿ ನಖಕರ್ಮಗಳಲ್ಲಿ ಸೇರಿಸಿದೆ. ಕಾಮಶಾಸ್ತ್ರವನ್ನು ಕನ್ನಡಕ್ಕೆ ತಂದ ಪರಂಪರೆಯೂ ದೀರ್ಘವಾದುದು. 11ನೇ ಶತಮಾನದ ಚಂದ್ರರಾಜನ ‘ಮದನತಿಲಕ’, 13ನೇ ಶತಮಾನದ ಜನ್ನನ ‘ಅನುಭವಮುಕುರ’, 15ನೇ ಶತಮಾನದ ಕಲ್ಲರಸನ ‘ಜನವಶ್ಯ’ ಅದಕ್ಕೆ ಸಾಕ್ಷಿಯಾಗಿವೆ.

ತನಗೆ ತಾನೇ ಕಚಗುಳಿ ಇಟ್ಟುಕೊಳ್ಳಲು ಸಾಧ್ಯವಿಲ್ಲದಿರುವುದು ಈ ಆಟದ ಮೂಲಗುಣ. 1998ರಲ್ಲಿ ಲಂಡನ್ನಿನ ನರವಿಜ್ಞಾನಿ ಸಾರಾ-ಜೇನ್ ಬ್ಲೇಕ್‌ಮೋರ್ ಮತ್ತು ಸಂಗಡಿಗರು ತೋರಿಸಿದಂತೆ, ನಮ್ಮ ಕೈಯ ಚಲನೆಯ ಫಲವನ್ನು ಕಿರುಮೆದುಳು ಮೊದಲೇ ಊಹಿಸಿ ಆ ಸ್ಪರ್ಶದ ತೀವ್ರತೆಯನ್ನು ತಗ್ಗಿಸುತ್ತದೆ. ಪರರ ಬೆರಳು ಎಲ್ಲಿ, ಯಾವಾಗ ತಾಗುವುದೆಂಬ ಊಹೆ ಅದಕ್ಕೆ ದಕ್ಕುವುದಿಲ್ಲ. ಆದ್ದರಿಂದ ಕಚಗುಳಿಗೆ ಮತ್ತೊಬ್ಬರು ಬೇಕು, ಅವರ ಮೇಲೆ ನಂಬಿಕೆಯೂ ಬೇಕು.

ನಂಬಿಕೆ ಬೇಕೆನ್ನಲು ಇನ್ನೊಂದು ಕಾರಣವಿದೆ. 1999ರಲ್ಲಿ ಮನೋವಿಜ್ಞಾನಿಗಳಾದ ಕ್ರಿಸ್ಟೀನ್ ಹ್ಯಾರಿಸ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ ನಡೆಸಿದ ಪ್ರಯೋಗದಲ್ಲಿ, ಯಂತ್ರವೇ ಕಚಗುಳಿ ಇಡುತ್ತಿದೆ ಎಂದು ನಂಬಿದ್ದವರೂ ಮನುಷ್ಯರ ಕೈಗೆ ನಕ್ಕಷ್ಟೇ ನಕ್ಕರು. ಈ ನಗು ಬಹುಮಟ್ಟಿಗೆ ಇಚ್ಛೆಗೆ ಒಳಪಡದ ಪ್ರತಿಕ್ರಿಯೆಯಾಗಿರುವುದರಿಂದ, ಒಲ್ಲದವರೂ ನಗಬಹುದು, ಸಂಕಟಪಡುತ್ತಲೇ ನಗಬಹುದು. ಆದ ಕಾರಣ ಆಟಕ್ಕೆ ಮುನ್ನವೇ ಯಾವ ಭಾಗವನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂಬುದನ್ನು ಮಾತಾಡಿಕೊಂಡು, ಆಟದಲ್ಲಿ ಸಹಜವಾಗಿ ಬಾರದ ಪದವೊಂದನ್ನು ನಿಲುಗಡೆಯ ಸಂಕೇತವಾಗಿ ಗೊತ್ತುಮಾಡಿಕೊಳ್ಳುವುದು ವಾಡಿಕೆ. ನಗುವಿನಲ್ಲಿ ಮಾತೇ ಹೊರಡದಿರಬಹುದಾದ್ದರಿಂದ ಎರಡು ಬಾರಿ ಕೈ ತಟ್ಟುವಂಥ ಸನ್ನೆಯೂ ಜೊತೆಗಿರಬೇಕು. ಉಬ್ಬಸವಿರುವವರಿಗೆ ಉಸಿರು ಕಟ್ಟುವ ಅಪಾಯವಿರುವುದರಿಂದ ಎಚ್ಚರಿಕೆ ಹೆಚ್ಚು ಬೇಕಾಗುತ್ತದೆ. ಕೈಕಾಲು ಕಟ್ಟಿದ್ದಲ್ಲಿ ತಕ್ಷಣ ಬಿಚ್ಚುವ ಏರ್ಪಾಡಿರಬೇಕು, ಸಂಕೇತ ಬಂದೊಡನೆ ಬೆರಳು ನಿಲ್ಲಲೇಬೇಕು.

ಸರಸದ ಮಿತಿ ಮೀರಿದರೆ ಏನಾಗುವುದೆಂಬುದಕ್ಕೆ ಕಾಮಸೂತ್ರವು ಕೊಡುವ ಉದಾಹರಣೆ, ಹಾನಗಲ್ಲು, ಬನವಾಸಿಗಳ ನೆಲವನ್ನು ಒಳಗೊಂಡಿದ್ದ ಕುಂತಲ ದೇಶದ್ದೇ ಆಗಿದೆ: ಅಲ್ಲಿಯ ಅರಸ ಶಾತಕರ್ಣಿ ಶಾತವಾಹನನು ‘ಕರ್ತರಿ’ ಎಂಬ ಹೊಡೆತದಿಂದ ರಾಣಿ ಮಲಯವತಿಯನ್ನು ಕೊಂದನೆಂದು ಅದು ಹೇಳುತ್ತದೆ. ಇಂಥ ಪ್ರಹಾರಗಳನ್ನು ವಾತ್ಸ್ಯಾಯನನು ಅನಾರ್ಯವೆಂದು ತಿರಸ್ಕರಿಸಿದ್ದಾನೆ.

ಇಂದಿನ ಕಾನೂನಿನಲ್ಲೂ ಸರಸಕ್ಕೆ ರಕ್ಷಣೆಯಿದೆ, ಮಿತಿಯೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ ಭಾರತೀಯ ನ್ಯಾಯ ಸಂಹಿತೆಯ 28ನೇ ಕಲಮಿನ ಪ್ರಕಾರ ಭಯದಿಂದ ಅಥವಾ ತಪ್ಪು ತಿಳಿವಳಿಕೆಯಿಂದ ಕೊಟ್ಟ ಸಮ್ಮತಿಯು, ಎದುರಿನವರಿಗೆ ಅದು ಗೊತ್ತಿದ್ದಾಗ, ಸಮ್ಮತಿ ಎನಿಸದು. ಮುಚ್ಚಿದ ಬಾಗಿಲೊಳಗಿನ ಸರಸವನ್ನು ಕಾಯುವುದು ಖಾಸಗಿತನದ ಹಕ್ಕು. ಸರಸವನ್ನು ಸರಸವಾಗಿಯೇ ಉಳಿಸುವುದು ಮಾತ್ರ ನಗುವಿನ ನಡುವೆಯೂ ‘ಸಾಕು’ ಎಂಬುದನ್ನು ಕೇಳಿಸಿಕೊಳ್ಳುವ ಕಿವಿ.