ನಿಮಗಿದು ಗೊತ್ತೆ? ಗೋಕಾಕದ ಕಟ್ಟಿಗೆ ಹಣ್ಣು, ಗೇಣುದ್ದದ ವಿಮಾನ

ಗೋಕಾಕ ಎಂದರೆ ಜಲಪಾತ, ಕರದಂಟು. ಆದರೆ ಈ ಊರಿನ ಮೂರನೆಯ ಹೆಮ್ಮೆ ಕಟ್ಟಿಗೆಯ ಗೊಂಬೆಗಳು. ಜೀನಗಾರ ಮನೆತನಗಳು ಬೆಳೆಸಿದ ಈ ಕಲೆಯಲ್ಲಿ ದೇವರು, ಹಕ್ಕಿಗಳ ಜೊತೆಗೆ ಹಣ್ಣು–ತರಕಾರಿಗಳದ್ದೂ ದೊಡ್ಡ ಹೆಸರು. ಬಾಳೆಹಣ್ಣು, ಬದನೆಕಾಯಿಗಳು ನಿಜದ ಅಳತೆಯಲ್ಲೇ ಮೂಡುತ್ತವೆ. ಹಗುರ ಮರವನ್ನು ಕೆತ್ತಿ, ಸಂದುಗಳಿಗೆ ಹುಣಸೆಬೀಜದ ಅಂಟು ಮತ್ತು ಮರದ ಹೊಟ್ಟಿನ ಮಿಶ್ರಣ ತುಂಬಿ, ಬಿಳಿ ಲೇಪ ಕೊಟ್ಟು, ಆಮೇಲೆ ಬಣ್ಣ. ಈ ಕೆಲಸಕ್ಕೆ ಸಿಗಬೇಕಾದ ಮನ್ನಣೆ ಇನ್ನೂ ಸಿಕ್ಕಿಲ್ಲ.

ಮಾದರಿ ವಿಮಾನ ಕಟ್ಟುವವರ ಕ್ರಮವೂ ಹೆಚ್ಚುಕಡಿಮೆ ಇದೇ: ಕೆತ್ತು, ಅಂಟಿಸು, ಸಂದು ಮುಚ್ಚು, ಉಜ್ಜು, ಬಣ್ಣ ಹಚ್ಚು. ಹಾರುವ ಮಾದರಿಗೆ ಅವರು ನೆಚ್ಚುವುದು ಬಾಲ್ಸಾ ಎಂಬ ಅತಿ ಹಗುರ ಮರವನ್ನು. ಅದರ ತವರು ದಕ್ಷಿಣ ಮತ್ತು ಮಧ್ಯ ಅಮೆರಿಕ. ವ್ಯತ್ಯಾಸ ಇರುವುದು ಅಳತೆಯಲ್ಲಿ. ಪ್ರದರ್ಶನದ ಮಾದರಿಗಳಿಗೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಒಂದು ಪ್ರಮಾಣ 1:72.

ನಮ್ಮದೇ ವಿಮಾನ ತೆಗೆದುಕೊಳ್ಳಿ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ‘ಮಾರುತ್’ ಯುದ್ಧವಿಮಾನ 1961ರ ಜೂನ್‌ನಲ್ಲಿ ಮೊದಲು ಹಾರಿತು. ಅದರ ರೆಕ್ಕೆಯ ಹರವು 9 ಮೀಟರ್. 1:72ರ ಮಾದರಿಯಲ್ಲಿ ಅದು ಹನ್ನೆರಡೂವರೆ ಸೆಂಟಿಮೀಟರ್ ಮಾತ್ರ, ಅಂಗೈಯಲ್ಲಿ ಹಿಡಿಯಬಹುದು! ಇಲ್ಲಿ ಕೈ 1 ಮಿಲಿಮೀಟರ್ ತಪ್ಪಿದರೆ ನಿಜವಾದ ವಿಮಾನದಲ್ಲಿ 7 ಸೆಂಟಿಮೀಟರಿಗೂ ಹೆಚ್ಚು ತಪ್ಪಿದಂತೆ. ಅದಕ್ಕೇ ಒಂದು ರೆಕ್ಕೆಯ ಅಂಚನ್ನು ನಯಗೊಳಿಸುವುದರಲ್ಲೇ ಸಂಜೆಗಳು ಕಳೆಯುತ್ತವೆ.

ಗೋಕಾಕದ ಕುಶಲಕರ್ಮಿಗೆ ನಕ್ಷೆಯ ಆಸರೆಯೂ ಇಲ್ಲ, ಅಳತೆಯೆಲ್ಲ ಕಣ್ಣಲ್ಲೇ.